ನೂರ ಎಂಬತ್ತೇಳು ಬಾಗಿಲುಗಳ ಕೀಲಿ ಅಕ್ಕ

ಬೆಳಗಿನ ಐದೂವರೆ ಗಂಟೆ. ಬೀದಿದೀಪಗಳು ಇನ್ನೂ ಆರಿಲ್ಲ. ಆರೋಗ್ಯ ಇಲಾಖೆಯ ಹಳೆಯ ಕಟ್ಟಡದ ಹಿಂಬದಿಯಲ್ಲಿ, ಸೈಕಲ್ ನಿಲ್ಲಿಸುವ ಜಾಗಕ್ಕೆ ಅಂಟಿಕೊಂಡ ಕೋಣೆಯ ಶಟರನ್ನು ಅರ್ಧ ಮಾತ್ರ ಎತ್ತಿ, ಬಗ್ಗಿ ಒಳಗೆ ಹೋಗುತ್ತಾರೆ ಕೀಲಿ ಅಕ್ಕ. ಪೂರ್ತಿ ಎತ್ತಿದರೆ ಅದು ಬೀದಿಗೆಲ್ಲ ಕೇಳುವಂತೆ ಕಿರುಚುತ್ತದೆ, ಮಹಡಿಯಲ್ಲಿರುವ ಕಾವಲುಗಾರನ ಮನೆಯ ಕೂಸು ಎದ್ದು ರಚ್ಚೆ ಹಿಡಿಯುತ್ತದೆ. ಆ ಕೂಸಿನ ನಿದ್ದೆಗಾಗಿ ಇವರ ಸೊಂಟ ದಿನಾ ಒಂದು ಸಲ ಬಗ್ಗುತ್ತದೆ.

ಕೋಣೆ ದೊಡ್ಡದಲ್ಲ. ಎರಡು ಕಿಟಕಿ, ಅದರಲ್ಲಿ ಒಂದಕ್ಕೆ ಯಾವಾಗಲೋ ಬಣ್ಣ ಬಳಿದವರು ಬಾಗಿಲು ಸಮೇತ ಬಳಿದು ಅಂಟಿಸಿಬಿಟ್ಟಿದ್ದಾರೆ. ಮೇಜಿನ ಮೇಲೆ ಎರಡು ಪರದೆ, ಒಂದು ಕೀಲಿಮಣೆ, ಚಹಾದ ಫ್ಲಾಸ್ಕು. ಅಕ್ಕ ಚಪ್ಪಲಿ ಬಿಟ್ಟು ಕುರ್ಚಿಯ ಮೇಲೆ ಕಾಲು ಮಡಚಿ ಕೂರುತ್ತಾರೆ. ಪರದೆಯ ಮೇಲೆ ಉದ್ದನೆಯ ಪಟ್ಟಿ ಮೂಡುತ್ತದೆ: ನೂರ ಎಂಬತ್ತೇಳು ಸಣ್ಣ ಆರೋಗ್ಯ ಕೇಂದ್ರಗಳು, ಒಂದೊಂದರಲ್ಲೂ ಒಂದು ಕಂಪ್ಯೂಟರು. ಇವತ್ತು ನಾಲ್ಕರ ಮುಂದೆ ಕೆಂಪು ಚುಕ್ಕೆ ಇದೆ, ಉಳಿದವೆಲ್ಲ ಹಸಿರು. ಎಂಟು ಗಂಟೆಗೆ ಕೇಂದ್ರಗಳ ಬಾಗಿಲು ತೆರೆದು ರೋಗಿಗಳು ಸಾಲು ನಿಲ್ಲುವುದರೊಳಗೆ ಆ ನಾಲ್ಕೂ ಹಸಿರಾಗಬೇಕು.

ಮೊದಲನೆಯದು 'ಎರಡು ಬಾವಿ'. ಇಲಾಖೆಯ ಕಾಗದದಲ್ಲಿ ಪ್ರತಿ ಕೇಂದ್ರಕ್ಕೂ ಒಂದು ಸಂಖ್ಯೆ ಇದೆ. ಅಕ್ಕ ಮಾತ್ರ ತಾವು ಕಂಡ ಗುರುತಿನಿಂದಲೇ ಕರೆಯುತ್ತಾರೆ: ಎರಡು ಬಾವಿ, ಹಳೇ ಸೇತುವೆ, ಉಪ್ಪಿನ ಗೋದಾಮು, ಗುಡ್ಡ. ಎರಡು ಬಾವಿಯ ಕಂಪ್ಯೂಟರಿನೊಳಗೆ ಹೋಗಿ ನೋಡಿದರೆ ಡಿಸ್ಕು ತುಂಬಿ ಉಸಿರುಕಟ್ಟಿದೆ. ಬೇಡದ್ದನ್ನು ಅಳಿಸುತ್ತಾರೆ, ನಿಂತಿದ್ದ ಪ್ರೋಗ್ರಾಮನ್ನು ಮತ್ತೆ ಶುರು ಮಾಡುತ್ತಾರೆ. ಹನ್ನೊಂದು ನಿಮಿಷದ ಕೆಲಸ. ಚುಕ್ಕೆ ಹಸಿರಾದ ಮೇಲೂ ಅಲ್ಲಿಂದ ಹೊರಬರದೆ ಅದರ ಬಿಸಿಯ ಅಂಕಿಯನ್ನು ನೋಡುತ್ತಾರೆ.

"ಈ ಕಂಪ್ಯೂಟರು ಪೂರ್ವದ ಕಿಟಕಿ ಪಕ್ಕ ಇದೆ. ಬೆಳಗಿನ ಬಿಸಿಲು ನೇರವಾಗಿ ಅದರ ಬೆನ್ನಿಗೇ ಬೀಳುತ್ತೆ. ಒಂದು ಪರದೆ ಬಟ್ಟೆ ಹಾಕ್ಸಿ ಅಂತ ಹೇಳಿ ಬಂದಿದ್ದೆ. ಅದರ ಬಿಸಿ ಎಷ್ಟಿದೆ ಅಂತ ಇಲ್ಲಿಂದ ಕಾಣುತ್ತೆ. ಬಟ್ಟೆ ಹಾಕಿದ್ರೋ ಇಲ್ವೋ, ಅದು ಕಾಣಲ್ಲ" ಎನ್ನುತ್ತಾರೆ.

ಹೀಗೆ ಎಲ್ಲೋ ಕೂತು ಇನ್ನೆಲ್ಲೋ ಇರುವ ಕಂಪ್ಯೂಟರಿನೊಳಗೆ ಹೋಗಿ, ಅದರ ಎದುರಿಗೇ ಕೂತಂತೆ ಕೆಲಸ ಮಾಡುವುದನ್ನು ಸುರಕ್ಷಿತ ದೂರ ಲಾಗಿನ್ ಅನ್ನುತ್ತಾರೆ. ನಡುದಾರಿಯಲ್ಲಿ ಯಾರೂ ಕದ್ದು ಓದದಂತೆ ಮಾತೆಲ್ಲ ಗುಟ್ಟಿನ ಲಿಪಿಯಲ್ಲಿ ಸಾಗುತ್ತದೆ. ಒಳಗೆ ಹೋಗಲು ಬೇಕಾದ ಡಿಜಿಟಲ್ ಕೀಲಿ ಇರುವುದು ಈ ಕೋಣೆಯಲ್ಲಿ ಮಾತ್ರ. ನಲವತ್ತಮೂರರ ಈ ತಂತ್ರಜ್ಞೆಗೆ ಕೀಲಿ ಅಕ್ಕ ಎಂಬ ಹೆಸರು ಬಂದದ್ದು ಹಾಗೆ. ಮನೆಯಲ್ಲಿ ಅತ್ತೆಯ ವರಸೆಯೇ ಬೇರೆ. "ನನ್ನ ಸೊಸೆ ಕೂತಲ್ಲೇ ನೂರ ಎಂಬತ್ತೇಳು ಬಾಗಿಲು ತೆಗೀತಾಳೆ. ಸ್ವಂತ ಮನೆ ಬೀಗದ ಕೈ ಮಾತ್ರ ವಾರಕ್ಕೆರಡು ಸಲ ಮರೆತು ಬಂದು ನನ್ನನ್ನ ಹಾಸಿಗೆಯಿಂದ ಎಬ್ಬಿಸ್ತಾಳೆ."

ಈ ಕೆಲಸ ಕೂತಲ್ಲೇ ಆಗತೊಡಗಿ ಬಹಳ ಕಾಲವಾಗಿಲ್ಲ. ಹದಿನಾಲ್ಕು ವರ್ಷದ ಹಿಂದೆ ಅಕ್ಕ ಕೆಲಸಕ್ಕೆ ಸೇರಿದಾಗ, ಯಾವ ಕೇಂದ್ರದ ಕಂಪ್ಯೂಟರು ಕೆಟ್ಟರೂ ಬಸ್ಸು ಹತ್ತಬೇಕಿತ್ತು. ತಿಂಗಳಿಗೆ ಹದಿನೆಂಟು ದಿನ ದಾರಿಯ ಮೇಲೆ. ದರ್ಜಿಯಾದ ಗಂಡ ದಪ್ಪ ಕ್ಯಾನ್ವಾಸಿನಲ್ಲಿ ಒಂದು ಚೀಲ ಹೊಲಿದುಕೊಟ್ಟಿದ್ದರು. ಕೀಲಿಮಣೆಗೆ ಒಂದು ಜೇಬು, ಡಿಸ್ಕಿಗೆ ಒಂದು, ಬದಲಿ ಬಟ್ಟೆಗೆ ಒಂದು. ಹಗಲೆಲ್ಲ ಪ್ರಯಾಣ ಮಾಡಿ ಹೋದರೆ ಅಲ್ಲಿ ಇರುತ್ತಿದ್ದ ಕೆಲಸ ಆರೇಳು ಪದ ಟೈಪ್ ಮಾಡುವಷ್ಟು. ನಾಲ್ಕು ನಿಮಿಷದಲ್ಲಿ ಮುಗಿಯುತ್ತಿತ್ತು. ವಾಪಸ್ ಬಸ್ಸು ಮರುದಿನವೇ.

"ಮಗಳಿಗೆ ನಾಲ್ಕು ವರ್ಷ ಇದ್ದಾಗ ಮೈಮೇಲೆ ಸೀತಾಳೆ ಸಿಡುಬು ಎದ್ದಿತ್ತು. ನಾನು ಮನೆಗೆ ಬಂದಿದ್ದು ಹನ್ನೆರಡನೇ ದಿನ. ಆಗಲೇ ಎಲ್ಲಾ ಒಣಗಿತ್ತು. ಬಾ ಅಂತ ಕೈಚಾಚಿದೆ, ಬರಲಿಲ್ಲ. ಅವಳ ಅಜ್ಜಿ ಸೆರಗು ಹಿಡ್ಕೊಂಡು ನನ್ನನ್ನೇ ನೋಡ್ತಾ ನಿಂತಿದ್ಲು. ಕೋಪ ಏನಿಲ್ಲ. ಯಾರೋ ನೆಂಟರು ಬಂದಿದಾರೆ ಅನ್ನೋ ಹಾಗೆ ನೋಡಿದ್ಲು, ಅಷ್ಟೇ." ಅಕ್ಕ ಇದನ್ನು ಹೇಳುವಾಗ ಅಳುವುದಿಲ್ಲ, ಫ್ಲಾಸ್ಕಿನ ಮುಚ್ಚಳವನ್ನು ಬಿಗಿ ಮಾಡುತ್ತಾರೆ, ಮತ್ತೆ ಸಡಿಲ ಮಾಡುತ್ತಾರೆ.

ಆ ದಿನಗಳಲ್ಲಿ ಅವರಿಗೆ ದಾರಿಯಲ್ಲಿ ಸಿಕ್ಕ ದೊಡ್ಡ ಆಸರೆ ಗುಡ್ಡದ ನರ್ಸಮ್ಮ. ಎಲ್ಲ ಕೇಂದ್ರಗಳಿಗಿಂತ ಎತ್ತರದಲ್ಲಿ, ಬಸ್ಸಿನ ಕೊನೆಯ ನಿಲ್ದಾಣದಿಂದ ಒಂದು ಗಂಟೆ ನಡೆದು ಹೋಗಬೇಕಾದ ಕೇಂದ್ರವನ್ನು ಇಪ್ಪತ್ತಾರು ವರ್ಷ ಒಬ್ಬರೇ ನಡೆಸಿದವರು. ಮೊದಲ ಸಲ ಹೋದಾಗ ಇವರು ಎಲ್ಲರಂತೆ "ಸಿಸ್ಟರ್" ಎಂದು ಕರೆದಿದ್ದರು. ನರ್ಸಮ್ಮ ಹುಬ್ಬು ಗಂಟಿಕ್ಕಿ, "ಬಾಯಲ್ಲಿ ಸಿಸ್ಟರ್ ಅಂತೀಯ, ನಿಂತಿರೋದು ನೋಡಿದ್ರೆ ಸಾಲ ವಸೂಲಿಗೆ ಬಂದವಳ ಥರ ಇದ್ದೀಯ. ಅಕ್ಕ ಅನ್ನು, ಕಾಲು ತೊಳ್ಕೊ, ಊಟ ಮಾಡು. ಕಂಪ್ಯೂಟರು ಎಲ್ಲಿಗೂ ಓಡಿಹೋಗಲ್ಲ" ಎಂದರು. ಅಂದಿನಿಂದ ಅವರು ಅಕ್ಕ, ಇವರು ತಂಗ್ಯಮ್ಮ. ವರ್ಷಕ್ಕೆ ನಾಲ್ಕು ಸಲವಾದರೂ ಗುಡ್ಡ ಹತ್ತುವ ಕೆಲಸ ಬೀಳುತ್ತಿತ್ತು. ರಾತ್ರಿ ಉಳಿಯಲು ರೋಗಿಗಳ ಮಂಚವೇ ಗತಿ. ಪಕ್ಕದ ಮಂಚದಲ್ಲಿ ನರ್ಸಮ್ಮ ಮಲಗಿ, ಹೂಂಗುಟ್ಟುವವರು ನಿದ್ದೆಹೋದರೂ ಲೆಕ್ಕಿಸದೆ ಊರಿನ ಸುದ್ದಿಯನ್ನೆಲ್ಲ ಹೇಳಿ ಮುಗಿಸುತ್ತಿದ್ದರು.

ಎಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ ಅದೇ ನರ್ಸಮ್ಮನಿಂದ ಫೋನು ಬಂತು. ಕೀಲಿ ಅಕ್ಕ ಆಗ ಬೇರೆ ದಿಕ್ಕಿನಲ್ಲಿ, ಹಳೇ ಸೇತುವೆಯ ಬಸ್ ನಿಲ್ದಾಣದಲ್ಲಿದ್ದರು. ಗುಡ್ಡದ ಕೇಂದ್ರಕ್ಕೆ ಏಳೂವರೆ ತಿಂಗಳ ಬಸುರಿಯೊಬ್ಬಳನ್ನು ಹೊತ್ತು ತಂದಿದ್ದರು. ರಕ್ತ ನಿಲ್ಲುತ್ತಿರಲಿಲ್ಲ. ದೊಡ್ಡಾಸ್ಪತ್ರೆಯ ವಾಹನ ಹೊರಟಿತ್ತು. ಅವಳದು ಅಪರೂಪದ ರಕ್ತದ ಗುಂಪು ಎಂಬುದಷ್ಟೇ ನರ್ಸಮ್ಮನಿಗೆ ನೆನಪು, ಯಾವುದೆಂದು ನೆನಪಿಲ್ಲ. ಗೊತ್ತಾದರೆ ವಾಹನ ತಲುಪುವುದರೊಳಗೆ ಬೇರೆ ಕಡೆಯಿಂದಾದರೂ ರಕ್ತ ತರಿಸಿಡುತ್ತೇವೆ ಎಂದು ದೊಡ್ಡಾಸ್ಪತ್ರೆಯವರು ಹೇಳಿದ್ದರು. ದಾಖಲೆ ಇದ್ದದ್ದು ಕಂಪ್ಯೂಟರಿನಲ್ಲಿ. ಅದು ತೆರೆಯುತ್ತಿರಲಿಲ್ಲ.

ಅಲ್ಲಿಗೆ ಹೋಗಲು ಒಂದೂವರೆ ದಿನ ಬೇಕು. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು, ಒಂದು ಕಿವಿಗೆ ಬೆರಳಿಟ್ಟು, ಒಂದೊಂದೇ ಅಕ್ಷರ ಹೇಳಿ ಟೈಪ್ ಮಾಡಿಸತೊಡಗಿದರು.

"ಅಡ್ಡಗೆರೆ ಒತ್ತಿ, ಅಕ್ಕ."

"ಎಲ್ಲಿದೆ ಅಡ್ಡಗೆರೆ?"

"ಮೇಲಿನ ಸಾಲು. ಸೊನ್ನೆ ಪಕ್ಕ."

"ಒತ್ತಿದೆ. ಆಮೇಲೆ?"

"ಈಗ ಪಾಸ್‌ವರ್ಡ್. ಎಂ."

"ಎಮ್ಮೆ ಎಮ್ಮಾ, ಎನ್ನಾ?"

"ಎಮ್ಮೆ ಎಂ."

"ಏನೂ ಬೀಳ್ತಾ ಇಲ್ವಲ್ಲೇ ಇಲ್ಲಿ."

"ಬೀಳಲ್ಲ ಅಕ್ಕ. ಪಾಸ್‌ವರ್ಡ್ ಕಣ್ಣಿಗೆ ಕಾಣಲ್ಲ. ನಂಬಿ, ಒತ್ತಿ."

ಹಿಂದೆ ಆ ಹೆಂಗಸಿನ ನರಳಾಟ ಕೇಳುತ್ತಿತ್ತು. ನರ್ಸಮ್ಮ ಎರಡು ಅಕ್ಷರ ಒತ್ತಿ ಓಡಿಹೋಗಿ ಅವಳನ್ನು ನೋಡಿ ಮತ್ತೆ ಬರುತ್ತಿದ್ದರು. ಫೋನು ನಾಲ್ಕು ಸಲ ಕಡಿಯಿತು. ಒಂದು ಅಕ್ಷರ ತಪ್ಪಿ ಮೂರು ಸಲ ಮೊದಲಿನಿಂದ ಶುರು ಮಾಡಿದರು. ಒಂದು ಗಂಟೆ ಇಪ್ಪತ್ತು ನಿಮಿಷದ ಮೇಲೆ ದಾಖಲೆ ತೆರೆಯಿತು. ರಕ್ತದ ಗುಂಪನ್ನು ನರ್ಸಮ್ಮ ದೊಡ್ಡಾಸ್ಪತ್ರೆಗೆ ಓದಿ ಹೇಳಿದರು. ತಾಯಿ ಉಳಿದಳು. ಮಗು ಉಳಿಯಲಿಲ್ಲ.

ಮಗು ಅಷ್ಟರಲ್ಲಾಗಲೇ ಹೋಗಿತ್ತು, ಬೇಗ ತೆರೆದಿದ್ದರೂ ಏನೂ ಬದಲಾಗುತ್ತಿರಲಿಲ್ಲ ಎಂದು ವೈದ್ಯರು ಬರೆದುಕೊಟ್ಟರು. ಯಾರೂ ಯಾರನ್ನೂ ದೂರಲಿಲ್ಲ. "ಅವರು ಹೇಳಿದ್ದು ನಿಜಾನೇ ಇರಬಹುದು" ಎನ್ನುತ್ತಾರೆ ಕೀಲಿ ಅಕ್ಕ. "ಆದ್ರೆ ಆ ಕಟ್ಟೆ ಮೇಲೆ ಕೂತಿದ್ದವಳು ನಾನು. ಒಂದು ಗಂಟೆ ಇಪ್ಪತ್ತು ನಿಮಿಷ. ನಾನೇ ಒಳಗೆ ಇದ್ದಿದ್ರೆ ಎರಡು ನಿಮಿಷ." ಮರುದಿನ ನರ್ಸಮ್ಮ ಫೋನಿನಲ್ಲಿ ಹೇಳಿದ ಒಂದು ಮಾತು ಅವರ ತಲೆಯಲ್ಲಿ ಕೂತುಬಿಟ್ಟಿತು: "ನಿನ್ನನ್ನ ಆ ಮೆಷೀನಿನ ಒಳಗೇ ಇಟ್ಟುಕೊಳ್ಳೋ ಉಪಾಯ ಏನಾದ್ರೂ ಇದ್ರೆ ನೋಡೇ, ತಂಗ್ಯಮ್ಮ."

ಉಪಾಯವೇನೋ ಇತ್ತು. ದೂರದಿಂದ ಲಾಗಿನ್ ಆಗುವುದು ಹೊಸ ಸಂಗತಿಯಲ್ಲ. ತೊಡಕು ಇದ್ದದ್ದು ಬೇರೆ ಕಡೆ. ಕೇಂದ್ರಗಳ ಕಂಪ್ಯೂಟರಿಗೆ ಆಪರೇಟಿಂಗ್ ಸಿಸ್ಟಮ್ ಹಾಕುತ್ತಿದ್ದವರು ಗುತ್ತಿಗೆಯ ಜನ. ಪೆನ್‌ಡ್ರೈವ್ ಚುಚ್ಚಿ, ಭಾಷೆ ಯಾವುದು, ಕೀಲಿಮಣೆ ಯಾವುದು, ಡಿಸ್ಕು ಯಾವುದು ಎಂದು ಅದು ಕೇಳಿದ್ದಕ್ಕೆಲ್ಲ 'ಮುಂದೆ', 'ಮುಂದೆ' ಎಂದು ಒತ್ತಿ ಹೊರಟುಬಿಡುತ್ತಿದ್ದರು. ದೂರ ಲಾಗಿನ್ ಬೇಕೇ ಎಂದು ಆ ಪೆನ್‌ಡ್ರೈವ್ ಕೇಳುತ್ತಲೇ ಇರಲಿಲ್ಲ. ಕೇಳದ್ದನ್ನು ಯಾರೂ ಹಾಕುತ್ತಿರಲಿಲ್ಲ. ಆಮೇಲೆ ಹಾಕಬೇಕೆಂದರೆ ಮತ್ತೆ ಒಬ್ಬರು ಅಲ್ಲಿಗೇ ಹೋಗಿ ಕೂರಬೇಕು. ಸಿಸ್ಟಮ್ ಹಾಕುವಾಗಲೇ ಆ ಒಂದು ಪ್ರಶ್ನೆ ಬಂದುಬಿಟ್ಟರೆ, ಒಂದು ಟಿಕ್‌ನಲ್ಲಿ ಕೆಲಸ ಮುಗಿಯುತ್ತದೆ. ಇಲಾಖೆಯ ಪೆನ್‌ಡ್ರೈವ್‌ಗೆ ಆ ಪ್ರಶ್ನೆಯನ್ನು ಸೇರಿಸಿ ಎಂದು ಕೀಲಿ ಅಕ್ಕ ಅರ್ಜಿ ಬರೆದರು.

ಅರ್ಜಿ ಹೋಗಿ ಬಿದ್ದದ್ದು ಭದ್ರತೆ ನೋಡಿಕೊಳ್ಳುವ ಹಿರಿಯ ಅಧಿಕಾರಿಯ ಮೇಜಿಗೆ. ಕಚೇರಿಯಲ್ಲಿ ಅವರಿಗೆ ಬೆನ್ನ ಹಿಂದೆ ಇದ್ದ ಹೆಸರು ಚಿಲಕ ಸಾಹೇಬರು. ಅವರು ಏಳು ತಿಂಗಳು ಒಪ್ಪಲಿಲ್ಲ. "ನೀನು ಬರೋ ಬಾಗಿಲಲ್ಲಿ ಇನ್ನೊಬ್ಬನೂ ಬರ್ತಾನಮ್ಮ. ರೋಗಿಗಳ ಗುಟ್ಟೆಲ್ಲ ಅದರಲ್ಲಿದೆ" ಎಂದರು. ಪಾಸ್‌ವರ್ಡ್ ಇಟ್ಟರೆ ಊಹಿಸಿ ನುಗ್ಗುತ್ತಾರೆ, ಅದಕ್ಕೇ ಪಾಸ್‌ವರ್ಡೇ ಬೇಡ, ಕೀಲಿ ಇದ್ದವರಿಗೆ ಮಾತ್ರ ಬಾಗಿಲು ತೆರೆಯಲಿ ಎಂದು ಅಕ್ಕ ವಾದಿಸಿದರು. ಎಲ್ಲ ಕಂಪ್ಯೂಟರಿಗೂ ಕಡ್ಡಾಯ ಮಾಡಿಬಿಡಿ ಎಂದೂ ಕೇಳಿದರು. ಅದಕ್ಕೆ ಮಾತ್ರ ಸಾಹೇಬರು ಕೊನೆವರೆಗೂ ಬಗ್ಗಲಿಲ್ಲ. "ಕೇಳಿ ಹಾಕು. ಅಲ್ಲಿ ಕೂತು ಕೆಲಸ ಮಾಡೋರು ಅವರು. ಅವರನ್ನ ಒಂದು ಮಾತು ಕೇಳದೆ ಗೋಡೆಗೆ ಬಾಗಿಲು ಕೊರೀಬೇಡ."

"ಅವತ್ತು ಅವರ ಮೇಲೆ ಹಲ್ಲು ಮಸೆದಿದ್ದೆ. ಈಗ ಅನಿಸುತ್ತೆ, ಆ ಮನುಷ್ಯ ಹೇಳಿದ್ದೇ ಸರಿ" ಎನ್ನುತ್ತಾರೆ ಅಕ್ಕ.

ಪ್ರಶ್ನೆಯ ಮಾತುಗಳನ್ನು ಬರೆದದ್ದೂ ಇವರೇ. ಪೆನ್‌ಡ್ರೈವ್ ಸಿದ್ಧಪಡಿಸುವ ತಂಡದವರು ಮೊದಲು ಕಳಿಸಿದ್ದು, 'ದೂರಸ್ಥ ಸುರಕ್ಷಿತ ಪ್ರವೇಶ ಸೇವೆಯನ್ನು ಅನುಸ್ಥಾಪಿಸಬೇಕೇ?' ಎಂದು. ಅದನ್ನು ಮನೆಗೆ ಒಯ್ದು ಅತ್ತೆಗೆ ಓದಿ ಹೇಳಿದರು. ಅತ್ತೆ ತಿಥಿಯ ಮಂತ್ರ ಕೇಳಿದವರಂತೆ, "ಯಾರು ಸತ್ತಿದ್ದಾರೆ?" ಎಂದರು. ಆಮೇಲೆ ಮೂರು ಸಂಜೆ ಗಂಡನ ಹೊಲಿಗೆ ಯಂತ್ರದ ಪಕ್ಕ ಕೂತು, ಬಟ್ಟೆಯ ಅಳತೆ ಬರೆಯುವ ಚೀಟಿಗಳ ಹಿಂದೆ ಬರೆದು ಹೊಡೆದು ಬರೆದು, ಕೊನೆಗೆ ಉಳಿದದ್ದು ಏಳು ಪದ: 'ದೂರದಿಂದ ಸುರಕ್ಷಿತವಾಗಿ ಒಳಬಂದು ರಿಪೇರಿ ಮಾಡಲು ಅವಕಾಶ ಕೊಡುವಿರಾ?' ಅದರ ಮುಂದೆ ಒಂದು ಖಾಲಿ ಚೌಕ. ಬೇಕೆಂದವರು ಟಿಕ್ ಹಾಕಲಿ, ಬೇಡದವರು ಖಾಲಿ ಬಿಡಲಿ.

ಹೊಸ ಕಂಪ್ಯೂಟರುಗಳಿಗೆ ಅದು ಸಾಕಾಗಿತ್ತು. ಹಳೆಯವಕ್ಕೆಲ್ಲ ಆಪರೇಟಿಂಗ್ ಸಿಸ್ಟಮನ್ನು ಹೊಸದಾಗಿಯೇ ಹಾಕಬೇಕಿತ್ತು. ಹೇಗೂ ಅವುಗಳ ಕಾಲ ಮುಗಿದಿತ್ತು. ಹಾಗಾಗಿ ಹೊಸ ಪೆನ್‌ಡ್ರೈವ್ ಹಿಡಿದು ಕೀಲಿ ಅಕ್ಕ ಇನ್ನೊಮ್ಮೆ ಎಲ್ಲ ಕೇಂದ್ರಗಳ ಸುತ್ತು ಹೊರಟರು. ಎರಡು ವರ್ಷ ನಾಲ್ಕು ತಿಂಗಳು ಹಿಡಿಯಿತು. ಹೋದಲ್ಲೆಲ್ಲ ದಾಖಲೆಗಳನ್ನು ಬೇರೆ ಡಿಸ್ಕಿಗೆ ತುಂಬಿಕೊಳ್ಳುವುದು, ಹಳೆಯದನ್ನು ಅಳಿಸುವುದು, ಹೊಸದನ್ನು ಹಾಕುವುದು. ಆ ಪ್ರಶ್ನೆ ಬಂದಾಗ ತಾವು ಎದ್ದು ನಿಂತು, ಕೇಂದ್ರದವರನ್ನು ಕುರ್ಚಿಯಲ್ಲಿ ಕೂರಿಸಿ, ಮೌಸನ್ನು ಅವರ ಕೈಗೆ ಕೊಡುತ್ತಿದ್ದರು. ಉತ್ತರ ಅವರದೇ ಆಗಿರಬೇಕು.

ಟಿಕ್ ಬಿದ್ದಲ್ಲಿಗೆ ತಾವು ಇನ್ನು ಬರುವುದಿಲ್ಲ ಎಂಬುದು ಮೊದಲ ಹತ್ತಿಪ್ಪತ್ತು ಕೇಂದ್ರ ಮುಗಿಯುವವರೆಗೂ ಅವರಿಗೆ ಹೊಳೆದಿರಲಿಲ್ಲ. ಉಪ್ಪಿನ ಗೋದಾಮಿನ ಕಾಂಪೌಂಡರು ಬಸ್ಸಿನವರೆಗೆ ಚೀಲ ಹೊತ್ತು ತಂದು, "ಹಾಗಾದ್ರೆ ಮುಂದಿನ ಸಲ ಯಾವಾಗ, ಮೇಡಂ?" ಎಂದು ಕೇಳಿದಾಗಲೇ ಅದು ಹೊಳೆದದ್ದು. ಬಸ್ಸು ಹೊರಟ ಮೇಲೆ, ಕಿಟಕಿಯಿಂದ ಇಣುಕಿ ಆ ಕಟ್ಟಡ, ಅದರ ಮುಂದಿನ ಮರ, ಒಣಗಲು ಹಾಕಿದ ಹಾಸಿಗೆ ಬಟ್ಟೆಗಳನ್ನೆಲ್ಲ ಕಣ್ಣಲ್ಲಿ ತುಂಬಿಕೊಂಡರು. "ಬೇಕು ಅಂತ ನಾನೇ ಹಟ ಹಿಡಿದು ತಂದಿದ್ದು. ನಾನೇ ಊರೂರಿಗೆ ಹೋಗಿ ನನ್ನ ದಾರೀನ ಮುಚ್ಚಿಕೊಂಡು ಬರ್ತಾ ಇದ್ದೆ. ಯಾರ ಹತ್ರ ಹೇಳಲಿ?"

ಗುಡ್ಡವನ್ನು ಕೊನೆಗೆ ಇಟ್ಟುಕೊಂಡಿದ್ದರು. ದಾರಿ ದೂರ ಎಂಬುದು ಕಾಗದದಲ್ಲಿ ಬರೆದ ಕಾರಣ. ಊಟವಾಗಿ, ಕೆಲಸ ಶುರುವಾಗಿ, ಪ್ರಶ್ನೆ ಬಂತು. ನರ್ಸಮ್ಮ ಕನ್ನಡಕ ಏರಿಸಿ ಏಳು ಪದಗಳನ್ನೂ ಜೋರಾಗಿ ಓದಿದರು. ಮೌಸು ಒತ್ತದೆ ಇವರ ಕಡೆ ತಿರುಗಿದರು.

"ಇದನ್ನ ಒತ್ತಿದ್ರೆ ನೀನು ಬರಲ್ಲ, ಅಲ್ವಾ?"

"ಬರೋ ಕೆಲಸ ಇರಲ್ಲ, ಅಕ್ಕ."

"ಒತ್ತಲ್ಲ ಅಂತ ಹೇಳೋಣ ಅನ್ನೋಷ್ಟು ಆಸೆ ಇದೆ ಕಣೇ." ನರ್ಸಮ್ಮ ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದ ಜನರ ಕಡೆ ನೋಡಿದರು. "ಆದ್ರೆ ಅವರಿಗೋಸ್ಕರ ಒತ್ತಬೇಕು." ಒತ್ತಿದರು.

ಇದೆಲ್ಲ ಆಗಿ ನಾಲ್ಕು ವರ್ಷ. ಈಗ ದಿನಕ್ಕೆ ಸರಾಸರಿ ಒಂಬತ್ತು ಕೇಂದ್ರಗಳ ತೊಂದರೆ ಈ ಕೋಣೆಯಲ್ಲೇ ಸರಿಹೋಗುತ್ತದೆ. ಮೊದಲು ಒಂದಕ್ಕೆ ಮೂರು ದಿನ ಹಿಡಿಯುತ್ತಿದ್ದದ್ದು ಈಗ ಕಾಲು ಗಂಟೆ. ಮಗಳು ಹೈಸ್ಕೂಲಿನಲ್ಲಿದ್ದಾಳೆ. ಸಂಜೆ ಅಮ್ಮನ ಜೊತೆ ಜಗಳವಾಡುವಷ್ಟು ಸಲುಗೆ ಬೆಳೆದಿದೆ. ಅದು ತಮಗೆ ದಕ್ಕಿದ ದೊಡ್ಡ ಬಡ್ತಿ ಎನ್ನುತ್ತಾರೆ ಅಕ್ಕ. ಕುರ್ಚಿಯಲ್ಲಿ ಅಲುಗದೆ ಕೂತು ಬೆನ್ನು ಹಿಡಿದುಕೊಳ್ಳುವುದರಿಂದ ಗಂಡ ದಿಂಬು ಹೊಲಿದುಕೊಟ್ಟಿದ್ದಾರೆ. "ಮೊದಲು ಬಸ್ಸಲ್ಲಿ ಕೂತು ಮನೆ ನೆನೆಸ್ತಿದ್ಲು. ಈಗ ಮನೇಲಿ ಬಸ್ಸಿನ ಸದ್ದು ಕೇಳಿದ್ರೆ ಕಿಟಕಿಗೆ ಬರ್ತಾಳೆ" ಎಂದು ಅವರು ಸೂಜಿಗೆ ದಾರ ಪೋಣಿಸುತ್ತ ಹೇಳುತ್ತಾರೆ.

ನೂರ ಎಂಬತ್ತೇಳು ಕಂಪ್ಯೂಟರಿನ ಒಳಹೊರಗೆಲ್ಲ ಕೈಯಲ್ಲಿದ್ದರೂ, ಕೆಲಸಕ್ಕೆ ಸಂಬಂಧಿಸದ ಒಂದೇ ಒಂದು ಫೈಲನ್ನೂ ಕೀಲಿ ಅಕ್ಕ ತೆರೆಯುವುದಿಲ್ಲ. ಅವರೇ ಹಾಕಿಕೊಂಡ ಕಟ್ಟು ಅದು. ಗುಡ್ಡದ ಕಂಪ್ಯೂಟರಿನಲ್ಲಿ ಒಂದು ಬೆಳಿಗ್ಗೆ 'ತಂಗ್ಯಮ್ಮನಿಗೆ' ಎಂಬ ಹೆಸರಿನ ಫೈಲು ಕಂಡಾಗಲೂ ಮೂರು ದಿನ ಮುಟ್ಟಲಿಲ್ಲ. ಕೊನೆಗೆ ತಡೆಯಲಾರದೆ ಫೋನು ಮಾಡಿ ಕೇಳಿದರು. "ಹೆಸರು ಬರೆದಿದ್ದೀನಲ್ಲೇ. ನಿನ್ನಂಥ ಇನ್ನೊಬ್ಬಳು ತಂಗ್ಯಮ್ಮ ಎಲ್ಲಿದ್ದಾಳೆ ನನಗೆ?" ಎಂದು ನರ್ಸಮ್ಮ ಬೈದರು.

ಅಂದಿನಿಂದ ಆ ಫೈಲು ಇಬ್ಬರ ಪಕ್ಕಪಕ್ಕದ ಮಂಚವಾಯಿತು. ವಾರಕ್ಕೊಮ್ಮೆ ನರ್ಸಮ್ಮ ನಾಲ್ಕು ಸಾಲು ಬರೆಯುತ್ತಿದ್ದರು. ಕೆಳಗೆ ಅಕ್ಕ ನಾಲ್ಕು ಸಾಲು ಸೇರಿಸುತ್ತಿದ್ದರು. ನೀನು ಕೂರುತ್ತಿದ್ದ ಕುರ್ಚಿಯ ಕಾಲು ಮುರಿಯಿತು. ಹಾದಿಯ ತಿರುವಿನಲ್ಲಿ ಹಿಡಿದು ನಡೆಯಲು ಕಂಬಿ ಹಾಕಿಸಿದರು, ನೀನು ಜಾರಿ ಬಿದ್ದಾಗ ಹಾಕಿಸಿದ್ದರೆ ಆಗುತ್ತಿತ್ತು. ಕೂದಲು ಪೂರ್ತಿ ಬೆಳ್ಳಗಾಯಿತು, ನೋಡಿದರೆ ಗುರುತು ಹಿಡಿಯುವುದಿಲ್ಲ ನೀನು. ಎರಡು ವರ್ಷದ ಹಿಂದೆ ಒಂದು ದಿನ ಒಂದೇ ಸಾಲು ಇತ್ತು: 'ಆ ತಾಯಿಗೆ ಇವತ್ತು ಹೆಣ್ಣು ಮಗು, ಮೂರು ಕೆಜಿ, ಇಬ್ಬರೂ ಚೆನ್ನಾಗಿದ್ದಾರೆ.' ಅಕ್ಕ ಅದನ್ನು ಓದಿ, ಶಟರಿನ ಕೆಳಗಿಂದ ಹೊರಬಂದು, ಬೆಳಕು ಹರಿಯುವವರೆಗೆ ಸೈಕಲ್ ನಿಲ್ಲಿಸುವ ಖಾಲಿ ಜಾಗದಲ್ಲಿ ನಿಂತಿದ್ದರು.

ನಾಲ್ಕು ತಿಂಗಳ ಹಿಂದೆ ನರ್ಸಮ್ಮ ನಿವೃತ್ತರಾದರು. ಕೊನೆಯ ದಿನ ಬರೆದದ್ದು: 'ನಾಳೆಯಿಂದ ಈ ಮೇಜು ಬೇರೆಯವರದು. ಇನ್ನು ಇದನ್ನು ತೆರೆಯಬೇಡ.' ಅಕ್ಕ ತೆರೆದಿಲ್ಲ. ಹೊಸ ನರ್ಸನ್ನು ಅದೇ ಪ್ರಶ್ನೆ ಹೊಸದಾಗಿ ಕೇಳಿ, ಒಪ್ಪಿಗೆ ಪಡೆದು, ದಿನಾ ಬೆಳಿಗ್ಗೆ ಹಸಿರು ಚುಕ್ಕೆಯನ್ನಷ್ಟೇ ನೋಡಿ ಮುಂದೆ ಹೋಗುತ್ತಾರೆ. ನರ್ಸಮ್ಮ ಈಗ ತಮ್ಮನ ಮನೆಯಲ್ಲಿದ್ದಾರೆ, ಗುಡ್ಡದಿಂದಾಚೆ ಇನ್ನೂ ಎರಡು ಗಂಟೆಯ ದಾರಿ. ಅಲ್ಲಿ ಕಂಪ್ಯೂಟರಿಲ್ಲ. ಫೋನು ಮಾಡಿದರೆ ಎರಡೇ ಮಾತಿಗೆ ಇಟ್ಟುಬಿಡುತ್ತಾರೆ. ಫೋನೆಂದರೆ ಆ ಮಧ್ಯಾಹ್ನವೇ ಕಿವಿಗೆ ಬರುತ್ತದಂತೆ.

ಏಳೂ ಐವತ್ತಕ್ಕೆ ನಾಲ್ಕನೆಯ ಚುಕ್ಕೆಯೂ ಹಸಿರಾಗುತ್ತದೆ. ಹೊರಗೆ ಕಚೇರಿಯವರು ಒಬ್ಬೊಬ್ಬರಾಗಿ ಸೈಕಲ್ಲು ನಿಲ್ಲಿಸುವ ಸದ್ದು ಕೇಳುತ್ತಿದೆ. ಮುಂದಿನ ವಾರ ಮೂರು ದಿನ ರಜೆ ಕೇಳಿದ್ದಾರೆ ಕೀಲಿ ಅಕ್ಕ, ಮೇಲಿನವರ ಸಹಿ ಬಿದ್ದಿದೆ. ಬಸ್ಸಿನ ವೇಳೆಯನ್ನು ಮಗಳು ವಿಚಾರಿಸಿ ಬಂದಿದ್ದಾಳೆ. ನರ್ಸಮ್ಮನಿಗೆ ತಿಳಿಸಿಲ್ಲ.

"ಬಾಗಿಲು ತೆಗೆದು, ಯಾಕೇ ಬಂದೆ, ಏನು ಕೆಟ್ಟಿದೆ ಅಂತಾನೇ ಕೇಳ್ತಾರೆ. ನನಗೆ ಗೊತ್ತು" ಎನ್ನುತ್ತಾರೆ ಅಕ್ಕ, ಕಪ್ಪಿನಲ್ಲಿ ಉಳಿದ ಚಹಾ ಕುಡಿದು ಮುಗಿಸುತ್ತ. "ಏನೂ ಕೆಟ್ಟಿಲ್ಲ, ಸುಮ್ನೆ ಬಂದೆ ಅಂತ ಹೇಳ್ಬೇಕು. ಅಷ್ಟು ಊರು ಸುತ್ತಿದ್ದೀನಿ ನಾನು. ಒಂದು ಊರಿಗೂ ಸುಮ್ನೆ ಹೋಗಿಲ್ಲ."